ನಾಲ್ಕು ಕ್ಲಿಪ್ಪಿನ ಡಬ್ಬಿ

ಐದನೆಯ ಡಬ್ಬಿಯನ್ನೂ ಅವನು ಎರಡೇ ಬೆರಳಿನಲ್ಲಿ ಮುಚ್ಚಲು ನೋಡಿದ. ಹೆಬ್ಬೆರಳು, ಅದರ ಪಕ್ಕದ ಬೆರಳು, ಅಷ್ಟೇ. ಉಳಿದ ಮೂರನ್ನು ಅಂಗೈಯೊಳಗೆ ಮಡಿಸಿಟ್ಟುಕೊಂಡಿದ್ದ. ಅಂಗಡಿಯ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಕೈಗೇನಾದ್ರೂ ಪೆಟ್ಟಾಗಿದೆಯಾ?" ಎಂದು ಕೇಳಿದಳು. ಇಲ್ಲ ಎಂದ. "ಮತ್ತೆ ಪೂರ್ತಿ ಕೈ ಹಾಕಿ ಒತ್ತಿ. ಇವೇನು ಹಾಗೆ ನಾಜೂಕಾಗಿ ಮುಚ್ಕೊಳ್ಳೋ ಡಬ್ಬಿಗಳಲ್ಲ." ಅವಳು ಕಪಾಟಿನಿಂದ ಒಂದೊಂದಾಗಿ ಇಳಿಸಿ ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ತಿರುಪಿನ ಮುಚ್ಚಳದ ಸ್ಟೀಲಿನದು. ಮೆತ್ತನೆಯ ಮುಚ್ಚಳದ, ಬೆಣ್ಣೆ ಬಣ್ಣದ ಪ್ಲಾಸ್ಟಿಕ್ಕಿನದು. ಒಳಗೆ ಮೂರು ಮನೆಗಳಿದ್ದು ಮಕ್ಕಳಿಗೆ ಹೇಳಿ ಮಾಡಿಸಿದಂತಿದ್ದ ಇನ್ನೊಂದು. ಬೆಣ್ಣೆ ಬಣ್ಣದ್ದು ಎರಡು ಬೆರಳಿಗೇ ಬಾಯಿ ಮುಚ್ಚಿಕೊಂಡಿತು. ಅದನ್ನು ಅವನು ಬೇಗನೆ ಪಕ್ಕಕ್ಕೆ ಸರಿಸಿದ, ಯಾರಾದರೂ ನೋಡಿಬಿಟ್ಟಾರು ಎನ್ನುವಂತೆ. ಕೊನೆಯದು ದಪ್ಪ ಗಾಜಿನದು, ನಾಲ್ಕು ಕಡೆ ನಾಲ್ಕು ಕ್ಲಿಪ್ಪು. "ಇದನ್ನ ತಲೆಕೆಳಗು ಹಿಡ್ಕೊಂಡು ಓಡಿದ್ರೂ ಒಂದು ಹನಿ ಬೀಳಲ್ಲ," ಎಂದಳು ಹೆಂಗಸು, "ಆದ್ರೆ ಮೊದಲೇ ಹೇಳಿಬಿಡ್ತೀನಿ, ಕ್ಲಿಪ್ಪು ಬಲು ಗಟ್ಟಿ. ವಯಸ್ಸಾದವರು ಇದ್ರೆ ಬೇಡ. ಹಾಗೆ ತಗೊಂಡು ಹೋದವರು ವಾಪಸ್ ತಂದು ನನ್ನ ಜೊತೆ ಜಗಳ ಆಡಿದ್ದಾರೆ." ಅವನು ಎರಡು ಬೆರಳಿನಲ್ಲಿ ಒಂದು ಕ್ಲಿಪ್ಪನ್ನು ಒತ್ತಿದ. ಅದು ಜಗ್ಗಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಉಗುರಿನ ಬುಡ ಬೆಳ್ಳಗಾಯಿತೇ ಹೊರತು ಕ್ಲಿಪ್ಪು ಕೂರಲಿಲ್ಲ. ಎದೆಯೊಳಗೆ ಏನೋ ಹಗುರವಾಯಿತು. ಅದಕ್ಕೆ ಹೆಸರಿಡಲು ಹೋಗದೆ ಅವನು ಕಪಾಟಿನ ಮೇಲಿನ ಧೂಳನ್ನು ನೋಡುತ್ತ ನಿಂತ.

ಅವನ ಕೆಲಸವೇ ಮುಚ್ಚಳಗಳದ್ದು. ಪರೀಕ್ಷಾಲಯದ ಸೋರಿಕೆ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದಾನೆ. ಕಾರ್ಖಾನೆಗಳಿಂದ ಬರುವ ನಲ್ಲಿ, ಕವಾಟ, ಔಷಧಿ ಬಾಟಲಿಗಳ ಬಿರಡೆಗಳನ್ನು ಗಾಜಿನ ತೊಟ್ಟಿಯ ನೀರಿಗೆ ಇಳಿಸಿ, ಒಳಗೆ ಗಾಳಿ ತುಂಬಿ, ಒಂದು ನಿಮಿಷ ಕಣ್ಣು ಮಿಟುಕಿಸದೆ ನೋಡುವುದು. ಹಾಗೆ ಮೂರು ಸಲ. ಒಂದೇ ಒಂದು ಗುಳ್ಳೆ ಎದ್ದರೂ ಕೆಂಪು ಚೀಟಿ: ತಿರಸ್ಕೃತ. ತನಗೆ ಯಾರ ಮೇಲೂ ದ್ವೇಷವಿಲ್ಲ, ಗುಳ್ಳೆ ಹೇಳಿದ್ದನ್ನು ತಾನು ಬರೆಯುತ್ತೇನೆ ಅಷ್ಟೇ ಎಂದು ಅವನು ಹೊಸಬರಿಗೆ ಹೇಳುವುದುಂಟು. ಅಂಥವನ ಚೀಲದಲ್ಲಿ ನಿನ್ನೆ ಊಟದ ಡಬ್ಬಿ ಸೋರಿತು. ತರಕಾರಿಯ ಹಳದಿ ಎಣ್ಣೆ ಚೀಲದ ಹೊಲಿಗೆಯಿಂದ ಇಳಿದು, ಪಕ್ಕದಲ್ಲಿಟ್ಟಿದ್ದ ವರದಿಗಳ ಕಟ್ಟಿಗೆ ಹತ್ತಿ, ಮೇಲಧಿಕಾರಿ ಸಹಿಗೆಂದು ಮೊದಲ ಹಾಳೆ ಎತ್ತಿದಾಗ ಅವರ ಬಿಳಿ ಅಂಗಿಯ ತೋಳಿಗೂ ಹತ್ತಿತು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ತೋಳನ್ನು ನೋಡಿಕೊಂಡು, ಅವನನ್ನು ನೋಡಿ, "ಸೋರಿಕೆ ವಿಭಾಗ," ಎಂದು ನಿಧಾನವಾಗಿ ಹೇಳಿದರು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನೂ ನಕ್ಕ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ಅವನೇ. ನಿಲ್ಲಿಸುವುದು ಯಾವಾಗ ಎಂದು ಗೊತ್ತಾಗದೆ ನಗುತ್ತಲೇ ಇದ್ದ. ಊಟದ ಹೊತ್ತಿಗೆ ನಲ್ಲಿ ವಿಭಾಗದ ದಪ್ಪ ಮೀಸೆಯವನು ಅವನ ಡಬ್ಬಿಯನ್ನು ತೊಟ್ಟಿಗೆ ಇಳಿಸುವ ನಾಟಕ ಆಡಿ, ಗಡಿಯಾರ ನೋಡಿ, ತಲೆ ಅಲ್ಲಾಡಿಸಿ, ಮುಚ್ಚಳದ ನಡುವೆ ಕೆಂಪು ಚೀಟಿ ಅಂಟಿಸಿದ. ಅದನ್ನು ಅಲ್ಲೇ ಕಿತ್ತು ಹಾಕಿದ್ದರೆ ಸಿಟ್ಟು ಬಂದಿದೆ ಎಂದಾಗುತ್ತಿತ್ತು. ಹಾಗಾಗಿ ಬಿಟ್ಟ. ಆಮೇಲೆ ಮರೆತ.

ಮರೆತೆನೇ ಎಂದು ಈಗ ಅಂಗಡಿಯಲ್ಲಿ ನಿಂತು ತನ್ನನ್ನೇ ಕೇಳಿಕೊಂಡ. ಮನೆಗೆ ಹೋಗಿ ಡಬ್ಬಿಯನ್ನು ತೊಳೆಯುವ ತೊಟ್ಟಿಯ ಪಕ್ಕ ಇಡುವಾಗ ಮುಚ್ಚಳ ಮೇಲಾಗಿಯೇ ಇಟ್ಟಿದ್ದ. ಅಕ್ಕ ಬಂದು ಅದನ್ನು ಕೈಗೆತ್ತಿಕೊಂಡಳು. ಅವನಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು, ಅವನಿಗೆ ಮದುವೆಯಾಗುವ ಮೊದಲಿಂದಲೂ ಅವನ ಜೊತೆಯಲ್ಲೇ ಇರುವವಳು. "ಇದೇನು ಅಂಟಿಸಿದ್ದಾರೆ?" ಎಂದಳು. "ಆಫೀಸಿನ ಗುರುತು. ಡಬ್ಬಿಗಳು ಅದಲುಬದಲು ಆಗ್ಬಾರ್ದು ಅಂತ." "ಒಳ್ಳೇದಾಯ್ತು ಬಿಡು," ಎಂದು ಅಕ್ಕ ಡಬ್ಬಿ ತೊಳೆಯಲು ನಿಂತಳು. ಚೀಟಿಯ ಮೇಲೆ ಒಂದು ಹನಿಯೂ ಬೀಳದಂತೆ, ಅದರ ಸುತ್ತ ಮಾತ್ರ ಸೋಪು ಸವರಿ, ಒದ್ದೆ ಬೆರಳಿನಿಂದ ಅಂಚು ಒರೆಸಿ, ಕೂಸಿನ ನೆತ್ತಿ ತೊಳೆಯುವಷ್ಟು ಜೋಪಾನವಾಗಿ. ಅವನು ಬಾಗಿಲಲ್ಲಿ ನಿಂತು ನೋಡಿದ. ಹಾಸಿಗೆಗೆ ಹೋದಮೇಲೆ ಅವನಿಗೆ ನೆನಪಾಯಿತು: ಅಕ್ಕ ಇಪ್ಪತ್ತೆರಡು ವರ್ಷ ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು, ಸಾವಿರಾರು ಚಾದರಗಳ ಚೀಟಿ ಓದಿ ಓದಿ ಬೇರೆ ಮಾಡಿದವಳು. ಅವಳಿಗೆ ಓದಲು ಬಾರದ ಚೀಟಿ ಯಾವುದಿದೆ? ಓದಿದ್ದಾಳೆ. ಓದಿ, ಅವನ ಸುಳ್ಳನ್ನು ಒದ್ದೆ ಮಾಡದೆ ಎತ್ತಿಟ್ಟಿದ್ದಾಳೆ. ಇದು ಪ್ರೀತಿಯೋ, ಕೆನ್ನೆಗೆ ಬಾರಿಸಿದ್ದೋ ಅವನಿಗೆ ಬಗೆಹರಿಯಲಿಲ್ಲ. ಯಾವುದಾದರೂ ಸರಿ, ಅವನಿಗೆ ಮೈ ಉರಿಯಿತು.

ಡಬ್ಬಿ ಸೋರಿದ್ದಕ್ಕೆ ಕಾರಣ ಅರ್ಧ ತಿರುವು. ಹಳೆಯ ಡಬ್ಬಿಯ ಮುಚ್ಚಳ ತಿರುಪಿನದು. ಅಕ್ಕನ ಬೆರಳುಗಳು ಕೀಲುಕೀಲಿಗೆ ಗಂಟು ಕಟ್ಟಿ ಒಂದರ ಮೇಲೊಂದು ಮಲಗಿಬಿಟ್ಟಿವೆ. ಹೆಬ್ಬೆರಳು ಮತ್ತು ಅದರ ಪಕ್ಕದ್ದು ಮಾತ್ರ ಇನ್ನೂ ಹೇಳಿದ ಮಾತು ಕೇಳುತ್ತವೆ. ಆ ಎರಡರಿಂದ ಮುಚ್ಚಳ ಕೂರುತ್ತದೆ, ಆದರೆ ಕೊನೆಯ ಅರ್ಧ ತಿರುವು ಉಳಿದುಬಿಡುತ್ತದೆ. ಹೊರಡುವ ಮುಂಚೆ ಚೀಲಕ್ಕೆ ಹಾಕುವಾಗ ಅದೊಂದು ಅರ್ಧ ತಿರುವನ್ನು ತಾನೇ ತಿರುಗಿಸಬಹುದಿತ್ತು. ಇದು ಅವನಿಗೆ ಹೊಳೆಯದೆ ಇರಲಿಲ್ಲ. ತಿಂಗಳಿಂದ ಪ್ರತಿದಿನ ಹೊಳೆಯುತ್ತಿತ್ತು. ಪ್ರತಿದಿನ ಅವನು ಡಬ್ಬಿಯನ್ನು ಅವಳು ಕೊಟ್ಟ ಹಾಗೆಯೇ ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದ, ಒಂದು ದಿನ ಅದು ಸೋರಲಿ ಎಂದು ಕಾಯುವವನ ಹಾಗೆ. ಯಾಕೆಂದರೆ ಅಣ್ಣತಮ್ಮಂದಿರ ನಡುವೆ ಒಂದು ಮಾತಾಗಿತ್ತು. ಆಡಿದವನು ತಮ್ಮ, ಅದೂ ಎಂಟು ವರ್ಷದ ಹಿಂದೆ, ಏನೋ ದೊಡ್ಡ ಮನಸ್ಸು ಮಾಡಿದವನ ಧಾಟಿಯಲ್ಲಿ: "ಅಕ್ಕ ಕೈ ನಡೆಯೋವರೆಗೆ ನಿನ್ನ ಮನೇಲಿರ್ಲಿ, ಅವಳಿಗೂ ಹೊತ್ತು ಹೋಗುತ್ತೆ. ಕೈ ನಿಂತ ಮೇಲೆ ನನ್ನ ಹತ್ರ ಬಿಡು, ಕೂತ್ಕೊಂಡು ಉಣ್ಣಲಿ." ಅಕ್ಕನನ್ನು ಯಾರೂ ಕೇಳಲಿಲ್ಲ. ಒಮ್ಮೆ ತಮ್ಮನ ಮನೆಯಲ್ಲಿ ವಾರ ಇದ್ದು ಬಂದಿದ್ದಳು. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಅವಳಿಗೊಂದು ಮಂಚ; ಹೋಗುವವರು ಬರುವವರು ಅದರ ಕಾಲಿಗೆ ಎಡವಿ, ಕ್ಷಮಿಸಿ ಎನ್ನುತ್ತಿದ್ದರಂತೆ. ತಮ್ಮನ ಹೆಂಡತಿ ಒಂದು ಲೋಟ ತೊಳೆಯಲೂ ಬಿಡಲಿಲ್ಲವಂತೆ. "ಅಲ್ಲಿ ಮಾಡೋಕೇನೂ ಇಲ್ಲ ಕಣೋ," ಎಂದು ಬಂದವಳೇ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಿದ್ದಳು, ಅವನ ಕಡೆ ತಿರುಗದೆ ಹೇಳಿದ್ದಳು: "ಕೈ ನಡೆಯೋವರೆಗೆ ಇಲ್ಲೇ ಇಟ್ಕೋ." ಅವಳು ಬೇಡಿಕೊಂಡ ಮಾತೆಂದರೆ ಅದೊಂದೇ. ಅದರ ನಂತರ ಒಂದು ದಿನವೂ ಅವನ ಡಬ್ಬಿ ತಪ್ಪಿಲ್ಲ. ಜ್ವರ ಬಂದ ದಿನವೂ ಐದು ಗಂಟೆಗೆ ಎದ್ದು ಕಟ್ಟಿದ್ದಾಳೆ.

ಅವಳು ಹೋಗಬೇಕು ಎಂದು ಅವನಿಗೆ ಯಾಕೆ ಅನ್ನಿಸಿತು ಎಂದು ಯಾರಾದರೂ ಕೇಳಿದ್ದರೆ ಅವಳ ವಿಶ್ರಾಂತಿಗಾಗಿ ಎನ್ನುತ್ತಿದ್ದ. ನಿಜ ಬೇರೆ ಇತ್ತು. ಊಟದ ಮೇಜಿನಲ್ಲಿ ಎದುರು ಕೂತು ಅವಳು ಚಮಚ ಹಿಡಿಯುವಾಗ ಆ ಕೈಗಳನ್ನು ನೋಡುವುದು ಅವನಿಂದ ಆಗುತ್ತಿರಲಿಲ್ಲ. ಅವನ ಪುಸ್ತಕ, ಅವನ ಪರೀಕ್ಷೆಯ ಶುಲ್ಕ, ಮೊದಲ ಸಂದರ್ಶನಕ್ಕೆ ಹೋದ ಅಂಗಿ, ಎಲ್ಲ ಹೋಟೆಲಿನ ಬಟ್ಟೆ ಒಗೆಯುವ ಆ ಹಬೆಯಿಂದ ಬಂದದ್ದು. ಅವಳು ಒಂದು ದಿನವೂ ಅದನ್ನು ಎತ್ತಿ ಆಡಿದವಳಲ್ಲ. ಆಡಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು. ಅವಳಿಗೆ ಬಿಸಿ ಹತ್ತುವುದಿಲ್ಲ ಎಂಬುದು ಅವನ ಬಾಲ್ಯದ ಹೆಮ್ಮೆಯಾಗಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುವಳು, ಕಾದ ಇಸ್ತ್ರಿಪೆಟ್ಟಿಗೆಯ ತಳವನ್ನು ಅಂಗೈಯಿಂದ ಸವರಿ ಹದ ನೋಡುವಳು. ಓರಗೆಯ ಹುಡುಗರು ನಂಬದೆ ಇದ್ದಾಗ ಅವನು ಅವರನ್ನು ಮನೆಗೆ ಕರೆತಂದ. ಅಕ್ಕ ನಗುತ್ತ ಅಂಗೈ ಇಟ್ಟು ತೆಗೆದಳು. ಹುಡುಗರು ಸರಿಯಾಗಿ ನೋಡಲಿಲ್ಲ ಎಂದರು. "ಇನ್ನೊಂದು ಸಲ ತೋರ್ಸಕ್ಕ," ಎಂದು ಅವನು ಕೇಳಿದ. ಅವಳು ಅವನ ಮುಖ ನೋಡಿದಳು, ಇನ್ನೊಂದು ಸಲ ಇಟ್ಟಳು, ಈ ಸಲ ಸ್ವಲ್ಪ ಹೆಚ್ಚು ಹೊತ್ತು. ಸಂಜೆ ಅಂಗೈ ತುಂಬ ಬೊಬ್ಬೆ ಎದ್ದಿತ್ತು. ಅವಳು ಅದಕ್ಕೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದಳು. ಯಾಕೆ ಇಟ್ಟಳು? ಹತ್ತು ವರ್ಷದ ಹುಡುಗ ಕೇಳಿದ ಎಂದ ಮಾತ್ರಕ್ಕೆ ಇಡಬೇಕಿತ್ತೇ? ಅವಳು ಆವತ್ತು ಆಗಲ್ಲ ಹೋಗೋ ಎಂದಿದ್ದರೆ ತಾನು ಇವತ್ತು ಇನ್ನೊಬ್ಬ ಮನುಷ್ಯನಾಗಿರುತ್ತಿದ್ದೆ ಎಂದು ಅವನಿಗೆ ಅಂಗಡಿಯ ದೀಪದ ಕೆಳಗೆ, ಡಬ್ಬಿಗಳ ಸಾಲಿನ ಮುಂದೆ, ಅವಳ ಮೇಲೇ ಕೋಪ ಬಂತು. "ಗಾಜಿನದೇ ಕೊಡಿ," ಎಂದ. ಹೆಂಗಸು, "ಮನೇಲಿ ಮುಚ್ಚೋರು ಯಾರು?" ಎಂದು ಕೇಳಿದಳು. "ನಾನೇ," ಎಂದ.

ಮನೆಯಲ್ಲಿ ಹೆಂಡತಿ ಹೊಸ ಡಬ್ಬಿಯನ್ನು ತಿರುಗಿಸಿ ನೋಡಿ, ಒಂದು ಕ್ಲಿಪ್ಪನ್ನು ಒತ್ತಿ, ಮತ್ತೆ ಬಿಚ್ಚಿದಳು. ಅವಳು ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವವಳು, ಮಧ್ಯಾಹ್ನ ಅಲ್ಲಿಯ ಕ್ಯಾಂಟೀನಿನಲ್ಲೇ ಉಣ್ಣುವವಳು. ಡಬ್ಬಿಯ ರಗಳೆ ಅವಳಿಗಿಲ್ಲ. ಮಲಗುವ ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ಹೇಳಿದಳು: "ನನಗೇ ಎರಡು ಕೈ ಬೇಕಾಯ್ತು."

"ಸೋರಬಾರ್ದಲ್ಲ."

"ಸೋರದೆ ಇರೋ ಡಬ್ಬಿ ಬೇರೆ ಇರ್ಲಿಲ್ವಾ ಅಂಗಡೀಲಿ?"

"ಅಕ್ಕನ ಕೈಲಿ ಇನ್ನೂ ಆಗುತ್ತಾ ಇಲ್ವಾ ಅಂತ ಗೊತ್ತಾಗ್ಬೇಕು ತಾನೆ ಒಂದಲ್ಲ ಒಂದು ದಿನ."

ಹೆಂಡತಿ ಅವನನ್ನು ನೋಡಿದಳು. ಅವಳಿಗೆ ಅಕ್ಕನನ್ನು ಕಂಡರೆ ಅಂಥ ಮಮತೆಯೇನೂ ಇರಲಿಲ್ಲ. ಆದರೆ ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. "ಕಳಿಸ್ಬೇಕು ಅಂದ್ರೆ ಕಳಿಸಿ. ನಾನು ಬೇಡ ಅಂತೀನಾ? ಅವರನ್ನ ಕೂರಿಸ್ಕೊಂಡು ಹೇಳಿ. ಅದಕ್ಕೆ ಡಬ್ಬಿ ಯಾಕೆ ಬೇಕು ನಿಮಗೆ?" ಅವಳು ದಿಂಬು ತಟ್ಟುತ್ತ ಇನ್ನೊಂದು ಮಾತು ಸೇರಿಸಿದಳು: "ಮತ್ತೆ ಬೆಳಿಗ್ಗೆ ಐದಕ್ಕೆ ನಾನಂತೂ ಏಳಲ್ಲ. ಅದು ನೆನಪಿರ್ಲಿ." ಡಬ್ಬಿ ಯಾಕೆ ಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅವನು ಯಾವುದನ್ನೂ ತಾನಾಗಿ ತಿರಸ್ಕರಿಸಿದವನಲ್ಲ. ತೀರ್ಮಾನ ಗುಳ್ಳೆಯದು. ಇಲ್ಲಿ ತೀರ್ಮಾನ ಮುಚ್ಚಳದ್ದಾಗಲಿ. ತಾನು ಬರಿಯ ಓದಿ ಹೇಳುವವನು.

ಬೆಳಿಗ್ಗೆ ಏಳು ಗಂಟೆಗೆ ಅಡುಗೆಮನೆಗೆ ಹೋದ. ಅಕ್ಕ ಅನ್ನ ಆರಲು ಹರಡಿ, ತರಕಾರಿಯ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿದ್ದಳು. ಈಗಲೂ ಬಟ್ಟೆಯಿಲ್ಲದೆ, ಆದರೆ ಬೆರಳಿನಿಂದಲ್ಲ, ಎರಡು ಮುಂಗೈಗಳ ನಡುವೆ ಅವುಚಿಕೊಂಡು. "ಹೊಸ ಡಬ್ಬೀನಾ? ಗಾಜು ಭಾರ ಆಗಲ್ವೇನೋ?" ಎಂದಳು. "ಊಟ ಹಾಕೋ ಮೊದಲು ನೀರು ತುಂಬಿ ನೋಡೋಣ," ಎಂದು ಅವನು ಡಬ್ಬಿಗೆ ನೀರು ಹಿಡಿದ, ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿದ, ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟ. ಎಲ್ಲವನ್ನೂ ಆಫೀಸಿನಲ್ಲಿ ಮಾಡುವ ಕ್ರಮದಲ್ಲೇ ಮಾಡಿದ. ಕೈಗಳಿಗೆ ಆ ಕ್ರಮದಲ್ಲಿ ಒಂದು ಸಮಾಧಾನವಿತ್ತು. "ನೀನು ಮುಚ್ಚು. ಮೂರು ಸಲ. ನಾನು ತಲೆಕೆಳಗು ಮಾಡಿ ನೋಡ್ತೀನಿ." ಅಕ್ಕ ಗಡಿಯಾರ ನೋಡಿದಳು, ಪತ್ರಿಕೆ ನೋಡಿದಳು. ಕೈ ಒರೆಸಿಕೊಂಡಳು. "ಮೂರು ಸಲ ಮುಚ್ಚಿದ್ರೆ ಆಯ್ತಾ?" ಎಂದು ಕೇಳಿದಳು. ಆಯ್ತು ಎಂದ.

ಎರಡು ಬೆರಳಿನಿಂದ ಮೊದಲ ಕ್ಲಿಪ್ಪನ್ನು ಒತ್ತಿದಳು. ಅಂಗಡಿಯಲ್ಲಿ ತನಗೆ ಆದದ್ದೇ ಅವಳಿಗೂ ಆಯಿತು, ಕ್ಲಿಪ್ಪು ಜಗ್ಗಲಿಲ್ಲ. ಅವಳ ಬೆರಳು ಜಾರಿತು, ಮತ್ತೆ ಇಟ್ಟಳು, ಮತ್ತೆ ಜಾರಿತು. ಅವನು ತೊಟ್ಟಿಯ ಮುಂದೆ ಕೂತವನಂತೆ ನೋಡಿದ. ಅಕ್ಕ ನಿಂತು ಯೋಚಿಸಿದಳು. ಆಮೇಲೆ ಡಬ್ಬಿಯನ್ನು ಮೇಜಿನ ಅಂಚಿಗೆ ಎಳೆದು, ಹೊಟ್ಟೆಗೆ ಆನಿಸಿಕೊಂಡು, ರವಿಕೆಯ ತೋಳು ಮೇಲೆ ಮಾಡಿ, ಬಲ ಮೊಣಕೈಯನ್ನು ಕ್ಲಿಪ್ಪಿನ ಮೇಲಿಟ್ಟು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಟಕ್ ಎಂದಿತು. ಡಬ್ಬಿ ತಿರುಗಿಸಿದಳು. ಟಕ್. ಚಾದರಗಳನ್ನು ಒತ್ತುವ ಯಂತ್ರದ ಹಿಡಿಕೆಯನ್ನು ಹೀಗೆಯೇ ಅದುಮುತ್ತಿದ್ದಳೇನೋ; ಅವನು ಅಲ್ಲಿಗೆ ಹೋಗಿ ನೋಡಿದವನಲ್ಲ. ನಾಲ್ಕೂ ಕೂತವು. ಅವನು ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಒಂದು ನಿಮಿಷ ನಿಂತ. ಪತ್ರಿಕೆ ಒಣಗಿಯೇ ಇತ್ತು. ಎರಡನೆಯ ಸಲ ಬಿಚ್ಚಿ ಕೊಟ್ಟ. ಮೊಣಕೈಯ ಮೇಲೆ ಕೆಂಪು ಗೆರೆ ಮೂಡಿತ್ತು. ಅವಳು ಆ ಗೆರೆಯ ಮೇಲೇ ಮತ್ತೆ ಭಾರ ಬಿಟ್ಟಳು. ಒಂದು ಹನಿಯಿಲ್ಲ. ಹೆಂಡತಿ ತಲೆ ಬಾಚಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಿದ್ದಳು. ಮೂರನೆಯ ಸಲ ಒಂದು ಕ್ಲಿಪ್ಪು ಕೂತಂತೆ ಮಾಡಿ ಎದ್ದಿತು. ಅಕ್ಕ ತುಟಿ ಕಚ್ಚಿ ಮತ್ತೆ ಅದುಮಿದಳು. ಅರವತ್ತು ಸೆಕೆಂಡು ಅವನು ಪತ್ರಿಕೆಯ ಮೇಲೆ ಒಂದು ಹನಿಗಾಗಿ ಹಂಬಲಿಸಿದ. ಜೀವಮಾನದಲ್ಲಿ ಯಾವ ವಸ್ತು ಸೋರಲಿ ಎಂದೂ ಅವನು ಇಷ್ಟು ಬಯಸಿರಲಿಲ್ಲ. ಸೋರಲಿಲ್ಲ.

"ಆಯ್ತಲ್ಲ," ಎಂದಳು ಹೆಂಡತಿ, ಬಾಚಣಿಗೆಯ ಕೂದಲು ತೆಗೆಯುತ್ತ. ಅಕ್ಕನ ಹಣೆಯ ಮೇಲೆ ಬೆವರಿತ್ತು. ಮುಖದಲ್ಲಿ, ಮಕ್ಕಳು ಲೆಕ್ಕ ಸರಿ ಮಾಡಿ ನಿಂತಾಗ ಇರುವಂಥ, ಅಡಗಿಸಿದರೂ ಅಡಗದ ಒಂದು ಖುಷಿಯಿತ್ತು. ಆ ಖುಷಿಯನ್ನು ನೋಡಿ ಅವನು, "ಇನ್ನೊಂದು ಸಲ," ಎಂದ.

ಪರೀಕ್ಷಾಲಯದಲ್ಲಿ ಇನ್ನೊಂದು ಸಲ ಎಂಬುದಿಲ್ಲ. ಮೂರು ಸಲ ದಾಟಿದ್ದನ್ನು ನಾಲ್ಕನೆಯ ಸಲ ನೀರಿಗೆ ಇಳಿಸುವವನು ಪರೀಕ್ಷೆ ಮಾಡುತ್ತಿಲ್ಲ, ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಅವನಿಗೆ ಕೆಲಸ ಕಲಿಸಿದ ಹಿರಿಯರು ಮೊದಲ ವಾರವೇ ಹೇಳಿದ್ದರು, ಅವನೂ ಅದನ್ನು ಹತ್ತಾರು ಜನಕ್ಕೆ ಹೇಳಿಕೊಟ್ಟಿದ್ದ. ಬಾಯಿಂದ ಬಿದ್ದ ಮಾತು ಮೂವರ ನಡುವೆ ಮೇಜಿನ ಮೇಲೆ ಕೂತಿತು. ಹೆಂಡತಿ ಬಾಚುವುದನ್ನು ನಿಲ್ಲಿಸಿದಳು. ಅಕ್ಕನ ಮುಖದ ಖುಷಿ ಒಮ್ಮೆಲೇ ಹೋಗಲಿಲ್ಲ. ಹೋಗಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋಯಿತು. ಅವಳು ಕೈ ಚಾಚಿ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ, ನೀರು ಚೆಲ್ಲಿ, ಒಳಗೆಲ್ಲ ಒಣಬಟ್ಟೆಯಿಂದ ಒರೆಸಿದಳು.

"ನಾಲ್ಕನೇದೇ ಬೇಕಾಗಿತ್ತು ಅಂದ್ರೆ ಮೊದಲೇ ಹೇಳ್ಬಾರ್ದಾಗಿತ್ತೇನೋ?" ಎಂದಳು. "ಮೂರು ಸಲ ಉಳೀತಿತ್ತು."

ಅವನು ಗಡಿಯಾರ ಕಟ್ಟಿಕೊಳ್ಳತೊಡಗಿದ. ಪಟ್ಟಿಯ ತೂತು ಸಿಗಲಿಲ್ಲ.

"ತಮ್ಮನಿಗೆ ಹೇಳಿದ್ದೀಯಾ?"

"ಇನ್ನೂ ಇಲ್ಲ."

"ಹೇಳು ಮತ್ತೆ. ಎಂಟರ ಮೇಲೆ ಸಿಗಲ್ಲ ಅವನು." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಹುಡುಕಿದ, ಇರಲಿಲ್ಲ. ಅವಳು ಆರಲು ಹಾಕಿದ್ದ ಅನ್ನವನ್ನು ಡಬ್ಬಿಗೆ ತುಂಬತೊಡಗಿದಳು, ಮೂಲೆಗಳನ್ನು ಚಮಚದಿಂದ ಸರಿಮಾಡುತ್ತ, ಅವನಿಗೆ ಇಷ್ಟವೆಂದು ತರಕಾರಿಯ ಸೀದ ತುಣುಕುಗಳನ್ನು ಆರಿಸಿ ಮೇಲಿಡುತ್ತ.

ನಡುಮನೆಗೆ ಬಂದು ಫೋನ್ ಹಚ್ಚಿದ. ಹೆಂಡತಿ ಹಿಂದೆಯೇ ಬಂದು, ಅವನ ಮುಖಕ್ಕೆ ಮುಖ ಕೊಡದೆ ಚೀಲ ತೆಗೆದುಕೊಂಡು, ಹೊತ್ತಿಗೆ ಮುಂಚೆಯೇ ಕೆಲಸಕ್ಕೆ ಹೊರಟುಹೋದಳು. ತಮ್ಮ ಹಲ್ಲುಜ್ಜುತ್ತಿದ್ದನೇನೋ, ಬಾಯಿ ತುಂಬ ನೊರೆ ಇಟ್ಟುಕೊಂಡೇ ಮಾತಾಡಿದ. "ಅಕ್ಕನ ಕೈ ನಡೀತಿಲ್ಲ ಕಣೋ," ಎಂದ ಇವನು. ಆ ಕಡೆ ಉಗುಳುವ ಸದ್ದು ಕೇಳಿತು. "ಇಷ್ಟು ಬೇಗನಾ?" ಎಂದ ತಮ್ಮ. ಆಮೇಲೆ ಕೇಳಿದ: "ತಾನೇ ತಿಂತಾಳಾ, ತಿನ್ನಿಸ್ಬೇಕಾ? ಬಚ್ಚಲಿಗೆ ಒಬ್ಬಳೇ ಹೋಗ್ತಾಳಾ? ಇವಳು ಕೇಳ್ತಾಳೆ, ಅದಕ್ಕೆ." ತಾನೇ ತಿಂತಾಳೆ, ಒಬ್ಬಳೇ ಹೋಗ್ತಾಳೆ ಎಂದು ಇವನು ಸರಕಿನ ಗುಣ ಹೇಳುವವನಂತೆ ಹೇಳಿದ. ಭಾನುವಾರ ಕರೆತರುವುದೆಂದು ಮಾತಾಯಿತು. ಮಂಚ ಹಾಗೇ ಇದೆ ಎಂದ ತಮ್ಮ.

ಅಡುಗೆಮನೆಯಲ್ಲಿ ಟಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೂರನೆಯದು.

"ಏನೋ ಅದು ಸದ್ದು?" ಎಂದ ತಮ್ಮ.

"ಏನಿಲ್ಲ."

"ನಿಜವಾಗ್ಲೂ ಏನೂ ಆಗಲ್ವೇನೋ ಅವಳ ಕೈಲಿ? ಹೋದ ತಿಂಗಳು ನಾನು ಬಂದಾಗ ಚೆನ್ನಾಗೇ ಇದ್ಲಲ್ಲ."

ಅವನು ದನಿ ತಗ್ಗಿಸಲಿಲ್ಲ. ತಗ್ಗಿಸಿದರೆ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಒಳಗೆ ನಾಲ್ಕನೆಯ ಕ್ಲಿಪ್ಪು ಬೀಳುವವರೆಗೆ ಕಾದ. ಅದೂ ಬಿತ್ತು.

"ಇಲ್ಲ ಕಣೋ," ಎಂದ, "ಒಂದು ಮುಚ್ಚಳ ಹಾಕೋಕೂ ಆಗ್ತಿಲ್ಲ."